ಷೇರು ವಹಿವಾಟು ನಿಲ್ಲಿಸಿದ್ರೆ ದುಡ್ಡು ಹೋಯ್ತಾ? ಕಾಫಿ ಡೇ ಕಥೆ ನೋಡಿ

ಉಚ್ಚಂಗಿದುರ್ಗ: ಮೊಬೈಲ್‌ನಲ್ಲೇ ಷೇರು ತಗೊಳ್ಳೋರು ಈಗ ನಮ್ಮ ಕಡೆಯ ಅಂಗಡಿ ಸಾಲಲ್ಲೂ ಇದ್ದಾರೆ. ವಹಿವಾಟು ನಿಲ್ಲಿಸಿದ್ದಾರೆ ಅಂದ ಕೂಡಲೇ ದುಡ್ಡು ಮುಳುಗಿತು ಅಂತ ತಲೆ ಮೇಲೆ ಕೈ ಹೊತ್ತು ಕೂರ್ತಾರೆ. ಎಪಿಎಂಸಿ ಗೇಟಿಗೆ ಬೀಗ ಬಿದ್ರೆ ಮೆಕ್ಕೆಜೋಳ ನಿಮ್ಮದೇ, ಮಾರೋಕೆ ಆಗಲ್ಲ. ಇದೂ ಹಂಗೇ. ಷೇರು ಡಿಮ್ಯಾಟ್ ಖಾತೇಲೇ ಇರುತ್ತೆ.

ಚಿಕ್ಕಮಗಳೂರಿನ ಕಾಫಿ ಡೇ ಷೇರು 2015ರಲ್ಲಿ 328 ರೂಪಾಯಿಗೆ ಮಾರುಕಟ್ಟೆಗೆ ಬಂತು. 2019ರ ಜುಲೈನಲ್ಲಿ ಮಾಲೀಕ ಸಿದ್ಧಾರ್ಥ ನಾಪತ್ತೆಯಾದ ಸುದ್ದಿ ಬಂದ ದಿನವೇ ಶೇ. 20 ಕುಸಿಯಿತು. ಮಾರೋರೇ ಎಲ್ಲ, ಕೊಳ್ಳೋರಿಲ್ಲ. ಆಮೇಲೆ ಕಂಪನಿ ಸತತ ಎರಡು ತ್ರೈಮಾಸಿಕದ ಲೆಕ್ಕ ಕೊಡಲಿಲ್ಲ. ಸೆಬಿ ನಿಯಮದಂತೆ 2020ರ ಫೆಬ್ರವರಿ 3ರಿಂದ ಬಿಎಸ್‌ಇ, ಎನ್‌ಎಸ್‌ಇ ಎರಡೂ ವಹಿವಾಟು ನಿಲ್ಲಿಸಿದವು. ಮತ್ತೆ ಶುರುವಾಗಿದ್ದು 2021ರ ಏಪ್ರಿಲ್ 26ಕ್ಕೆ.

ತಪ್ಪು ಕಂಪನಿಯದು, ಸಿಕ್ಕಿಹಾಕಿಕೊಂಡಿದ್ದು ಸಣ್ಣ ಹೂಡಿಕೆದಾರ. ಈ ಸಿಟ್ಟು ನ್ಯಾಯವೇ. ಆದ್ರೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಕಿಂಡಿ ಇದೆ: ಇಂಥ ಪ್ರಕರಣದಲ್ಲಿ ನಿಲ್ಲಿಸಿದ 15 ದಿನದ ನಂತರ, ಆರು ತಿಂಗಳವರೆಗೆ, ವಾರದ ಮೊದಲ ವಹಿವಾಟಿನ ದಿನ ಮಾತ್ರ ಮಾರಬಹುದು. ಕೊಳ್ಳೋರು ಸಿಗಬೇಕು, ಅದು ಬೇರೆ ಮಾತು.

ಎಲ್ಲ ಷೇರೂ ವಾಪಸ್ ಬರಲ್ಲ. ಕಿಂಗ್‌ಫಿಷರ್ ಏರ್‌ಲೈನ್ಸ್ ವಹಿವಾಟು 2014ರ ಡಿಸೆಂಬರ್‌ನಲ್ಲಿ ನಿಂತಿತು. 2018ರಲ್ಲಿ ಎನ್‌ಎಸ್‌ಇ ಪಟ್ಟಿಯಿಂದಲೇ ತೆಗೆದುಹಾಕಿದರು.