ನೋವಿನೊಡನೆ ಬೆಳೆಯುವ ಮಕ್ಕಳು

ನಾಗರಹೊಳೆಯ ಕಾಡಿನ ಅಂಚಿಗಿರುವ ಕೊಡಗಿನ ತಿತಿಮತಿಯಲ್ಲಿ ಮಳೆಗಾಲದ ಬೆಳಗು ಚಳಿಯಿಂದ ತುಂಬಿರುತ್ತದೆ. ಆ ಚಳಿಯಲ್ಲಿ ಹಾಸಿಗೆ ಬಿಟ್ಟೇಳಲು ಯಾವ ಮಗುವಿಗೂ ಮನಸ್ಸಾಗದು. ಆದರೆ ಕೀಲುಗಳ ಉರಿಯೂತದಿಂದ ಬಳಲುವ ಮಗುವಿಗೆ ಮನಸ್ಸಿದ್ದರೂ ಮೈ ಒಪ್ಪುವುದಿಲ್ಲ. ಮೊಣಕಾಲು ಮಡಚಲಾಗದು, ಅಂಗಿಯ ಗುಂಡಿ ಹಾಕಲು ಬೆರಳು ಬಗ್ಗದು. ಹೊತ್ತೇರಿದಂತೆ, ಮೈ ಆಡಿದಂತೆ, ಆ ಬಿಗಿತ ಸಡಿಲಗೊಳ್ಳುತ್ತದೆ. ಮೊದಲ ಪಾಠದಲ್ಲಿ ಲೇಖನಿ ಹಿಡಿಯಲಾರದೆ ಕುಳಿತ ಬಾಲಕಿ ಮಧ್ಯಾಹ್ನ ಅಂಗಳದಲ್ಲಿ ಓಡಾಡುವುದನ್ನು ಕಂಡವರು ಅವಳನ್ನು ಸೋಮಾರಿಯೆಂದು ಜರೆಯುವುದುಂಟು. ಕೀಲಿನ ನೋವಿಗಿಂತ ಈ ಮಾತಿನ ನೋವು ಹೆಚ್ಚಿನದು.

ಸಂಧಿವಾತವು ಮುಪ್ಪಿನ ವ್ಯಾಧಿಯೆಂಬ ನಂಬಿಕೆ ಪೂರ್ಣಸತ್ಯವಲ್ಲ. 1897ರಲ್ಲಿಯೇ ಲಂಡನ್ನಿನ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ ಮಕ್ಕಳ ಕೀಲುಬೇನೆಯನ್ನು ವಿವರವಾಗಿ ವರ್ಣಿಸಿದನು. 16 ವರ್ಷ ತುಂಬುವ ಮುನ್ನ ತೊಡಗಿ, ಕನಿಷ್ಠ 6 ವಾರ ಉಳಿಯುವ, ಬೇರಾವ ಕಾರಣವೂ ದೊರೆಯದ ಉರಿಯೂತವನ್ನು ಬಾಲ್ಯದ ಸಂಧಿವಾತವೆನ್ನುತ್ತಾರೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಕೀಲಿನ ಒಳಪೊರೆಯನ್ನು ಕೆರಳಿಸುತ್ತದೆ. ಇದು ಅಂಟುಜಾಡ್ಯವಲ್ಲ, ಮಳೆಯಲ್ಲಿ ನೆನೆದುದರಿಂದ ಬಂದುದೂ ಅಲ್ಲ. ಕೆಲವರಲ್ಲಿ ಯಾವ ನೋವೂ ಇಲ್ಲದೆ ಕಣ್ಣಿನೊಳಗೆ ಉರಿಯೂತ ಹಬ್ಬುವುದರಿಂದ ಆಗಾಗ ಕಣ್ಣಿನ ಪರೀಕ್ಷೆಯೂ ಅಗತ್ಯ.

ಇಂದು ಇದಕ್ಕೆ ಉತ್ತಮ ಔಷಧಗಳಿವೆ. ಅವುಗಳಲ್ಲೊಂದಾದ ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ಅದರಿಂದ ಹಲವು ಮಕ್ಕಳಿಗೆ ವಾಕರಿಕೆ ಬರುತ್ತದೆ. ಔಷಧದ ದಿನ ಸಮೀಪಿಸಿದಂತೆಯೇ ಮಗು ಅಂಜುತ್ತದೆ. ಇಲ್ಲಿ ಗದರಿಕೆ ಫಲಿಸದು. ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು, ಬಳಿಕ ಯಾವ ಕಥೆ ಕೇಳಬೇಕು ಎಂಬಂತಹ ಸಣ್ಣ ಆಯ್ಕೆಗಳನ್ನು ಮಗುವಿಗೇ ಬಿಟ್ಟರೆ ಅಂಜಿಕೆ ತಗ್ಗುತ್ತದೆ. ತನ್ನ ಮೈಯ ಮೇಲೆ ತನಗೂ ಅಧಿಕಾರವಿದೆಯೆಂಬ ಅರಿವೇ ಉತ್ಸಾಹದ ಮೂಲ.

ವ್ಯಾಯಾಮದ ವಿಷಯವೂ ಹೀಗೆಯೇ. ನೋವಿಗೆ ಹೆದರಿ ಕೀಲನ್ನು ಆಡಿಸದೆ ಬಿಟ್ಟರೆ ಸ್ನಾಯುಗಳು ಸೊರಗಿ ಬಿಗಿತ ಹೆಚ್ಚುತ್ತದೆ. ಆದುದರಿಂದ ಅತಿಯಾದ ಮುದ್ದೂ ಹಾನಿಕರ. ಇಂದು ಗೇಟಿನವರೆಗೆ, ನಾಳೆ ರಸ್ತೆಯ ತಿರುವಿನವರೆಗೆ ಎಂಬಂತೆ ಕೈಗೆಟಕುವ ಗುರಿಯನ್ನಿಟ್ಟು, ಗುರಿ ತಲುಪದ ದಿನವೂ ಪ್ರಯತ್ನವನ್ನು ಮೆಚ್ಚಬೇಕು. ಬಿಸಿನೀರಿನ ಸ್ನಾನ, ನಿಧಾನವಾದ ಉಸಿರಾಟ, ಮನಸ್ಸನ್ನು ಸೆಳೆಯುವ ಹಾಡು ಅಥವಾ ಚಿತ್ರ, ಇವು ನೋವನ್ನು ಸಹನೀಯವಾಗಿಸುತ್ತವೆ. ನೋವನ್ನು ಮುಚ್ಚಿಡದೆ ಹೇಳಿಕೊಳ್ಳುವುದೂ ಧೈರ್ಯವೇ.

ಶಾಲೆಯ ಪಾತ್ರವೂ ಚಿಕ್ಕದಲ್ಲ. ಪಾಠದ ನಡುವೆ ಒಮ್ಮೆ ಎದ್ದು ನಡೆಯಲು ಅನುಮತಿ, ಬರೆಯಲು ತುಸು ಹೆಚ್ಚು ಕಾಲ, ಪುಸ್ತಕದ ಹೊರೆ ಹೊರಲು ಗೆಳತಿಯ ಕೈ, ಇಷ್ಟೇ ಸಾಕಾಗಬಹುದು. ಅಂಗವಿಕಲ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವನ್ನೂ ಬರಹಗಾರರ ನೆರವನ್ನೂ ಒದಗಿಸಬೇಕೆಂದು 2016ರ ಕಾಯಿದೆ ಹೇಳುತ್ತದೆ. ಆದರೆ ಸಹಪಾಠಿಯ ತಿಳಿವಳಿಕೆಗೆ ಯಾವ ಕಾಯಿದೆಯೂ ಬೇಕಿಲ್ಲ. ಬೆಳಿಗ್ಗೆ ತಡವಾಗಿ ಬಂದವಳನ್ನು ನಗದೆ, ಪಕ್ಕಕ್ಕೆ ಸರಿದು ಜಾಗ ಕೊಡುವ ಮಗು ಅವಳ ಚಿಕಿತ್ಸೆಯಲ್ಲಿ ತಾನೂ ಪಾಲುಗೊಳ್ಳುತ್ತದೆ.