ಸಕ್ಕರೆ ಕಾಯಿಲೆಗೂ ಮರೆವಿಗೂ ಏನು ನಂಟು?

ಪ್ರಶ್ನೆ: ರಕ್ತದಲ್ಲಿ ಸಕ್ಕರೆ ಧಾರಾಳವಾಗಿದ್ದರೂ ಮಧುಮೇಹಿಗಳ ಮಿದುಳು ಮಂಕಾಗುವ ಸಂಭವ ಹೆಚ್ಚೇಕೆ?

ಉತ್ತರ: ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2, ಅದು ಬಳಸುವ ಶಕ್ತಿ ಮಾತ್ರ ಶೇ. 20ರಷ್ಟು. ಅದರ ಬಹುಪಾಲನ್ನು ಒದಗಿಸುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳು. ಅವನ್ನು ಸೌದೆ ಒಲೆ ಎಂದುಕೊಳ್ಳಿ. ಒಲೆಯ ಬಾಯಿ ತುಂಬ ಸೌದೆ ತುರುಕಿದರೆ ಹೆಚ್ಚುವುದು ಉರಿಯಲ್ಲ, ಹೊಗೆ. ಹಾಗೆಯೇ ಸಕ್ಕರೆಯ ಹೊರೆ ಮಿತಿಮೀರಿದಾಗ ಮೈಟೊಕಾಂಡ್ರಿಯಗಳಲ್ಲಿ ಹುಟ್ಟುವ ಆಮ್ಲಜನಕದ ಉಗ್ರ ಅಣುಗಳು ಅವುಗಳ ಪೊರೆಯನ್ನೂ ಡಿಎನ್‌ಎಯನ್ನೂ ಕೆಡಿಸುತ್ತವೆ. ವಯಸ್ಸಾದಂತೆ ಕೆಟ್ಟದ್ದನ್ನು ತೆಗೆದು ಹೊಸದು ಕಟ್ಟುವ ಕೆಲಸವೂ ನಿಧಾನವಾಗಿ, ಶಕ್ತಿ ಸಾಲದೆ ನರಕೋಶಗಳ ಸಂದೇಶ ರವಾನೆ ಸೊರಗುತ್ತದೆ. ರಕ್ತನಾಳಗಳ ಹಾನಿಯೇ ಕಾರಣವಲ್ಲವೇ ಎಂದು ಕೇಳಬಹುದು. ಅದೂ ಹೌದು, ಆದರೆ ನಾಳದ ಗೋಡೆಯ ಕೋಶಗಳನ್ನು ಕೆಡಿಸುವುದರಲ್ಲೂ ಇದೇ ಹೊಗೆಯ ಕೈವಾಡವಿದೆ. ಮಧುಮೇಹಿಗಳೆಲ್ಲರಿಗೂ ಮರೆವು ಕಟ್ಟಿಟ್ಟದ್ದೇನಲ್ಲ. ಸಕ್ಕರೆ ಹತೋಟಿಯಲ್ಲಿಡಿ, ದಿನವೂ ಬಿರುಸಾಗಿ ನಡೆಯಿರಿ. ವ್ಯಾಯಾಮ ಹೊಸ ಮೈಟೊಕಾಂಡ್ರಿಯಗಳನ್ನು ಬೆಳೆಸುತ್ತದೆ.