ಎರಡು ವರ್ಷಕ್ಕೆಂದು ಹೋದವರು

ಎನ್.ಆರ್. ಕಾಲೋನಿಯ ನಮ್ಮ ಮನೆಗೆ ನಾನು ರಜೆಗೆ ಬಂದ ಸುದ್ದಿ ಒಂದೇ ದಿನದಲ್ಲಿ ಬೀದಿಯನ್ನೆಲ್ಲ ಸುತ್ತಿ ಬಂದಿರುತ್ತದೆ. ಮರುದಿನ ಚೀಲ ಹಿಡಿದು ಗಾಂಧಿ ಬಜಾರಿಗೆ ಹೊರಟರೆ ಎರಡು ಪ್ರಶ್ನೆಗಳು ಕಾದಿರುತ್ತವೆ. ಹಿರಿಯರದು, "ಜಪಾನಿನಲ್ಲಿ ಹುಳಿಗೆ ಬೇಳೆ ಸಿಗತ್ತೇನಮ್ಮಾ?" ಮಕ್ಕಳನ್ನು ಇಂಜಿನಿಯರಿಂಗ್ ಓದಿಸುತ್ತಿರುವ ತಂದೆ ತಾಯಿಯರದು, "ನಮ್ಮ ಹುಡುಗನಿಗೆ ಆ ದೇಶ ಆಗಬಹುದಾ?"

ಮೊದಲನೆಯದಕ್ಕೆ ಉತ್ತರ ಸುಲಭ. ತೊಗರಿಬೇಳೆ, ಹುಣಿಸೆಹಣ್ಣು, ಇಂಗು ಎಲ್ಲವೂ ಸಿಗುತ್ತವೆ. ಎರಡನೆಯದಕ್ಕೆ ನಾನು ಮರುಪ್ರಶ್ನೆ ಹಾಕುತ್ತೇನೆ: "ಎಷ್ಟು ವರ್ಷಕ್ಕೆ?" ಕೇಳಿದವರು ನಗುತ್ತಾರೆ. "ಒಂದೆರಡು ವರ್ಷ ಇದ್ದು ಬರಲಿ, ಆಮೇಲೆ ನೋಡೋಣ."

ನಾನೂ ನನ್ನವರೂ 2002ರಲ್ಲಿ ಹೊರಟದ್ದು ಹೀಗೆಯೇ. ಎರಡು ವರ್ಷ ಎನ್ನುತ್ತಲೇ ಇಪ್ಪತ್ತು ವರ್ಷ ದಾಟಿದೆ. ಜಪಾನಿನಲ್ಲಿ ಎರಡು ವರ್ಷ ಇರುವುದೇ ಬೇರೆ, ಇಪ್ಪತ್ತು ವರ್ಷ ಬಾಳುವುದೇ ಬೇರೆ. ಎರಡನೆಯದಕ್ಕೆ ಬೇಕಾದ ಸಿದ್ಧತೆಯನ್ನು ಮೊದಲ ದಿನವೇ ಮಾಡದಿದ್ದರೆ ದಂಡ ತೆರಬೇಕಾಗುತ್ತದೆ. ನಾವು ತೆತ್ತಿದ್ದೇವೆ.

<b>ಅತ್ತಿಂದ ಬಂದವರು, ಇತ್ತಿಂದ ಹೋದವರು</b>

ನಮ್ಮ ಬಡಾವಣೆಗೂ ಜಪಾನಿಗೂ ಹಳೆಯ ನಂಟಿದೆ. ಕಾಲೋನಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಜಾಗವಿದೆಯಲ್ಲ, ಅಲ್ಲಿ 19ನೇ ಶತಮಾನದ ಕೊನೆಯಲ್ಲಿ ಜಮ್‌ಷೆಟ್‌ಜಿ ಟಾಟಾ ಅವರು ಮೈಸೂರು ಸರ್ಕಾರ ಕೊಟ್ಟ ಜಮೀನಿನಲ್ಲಿ ರೇಷ್ಮೆ ತೋಟ ಮಾಡಿದರು. ಹುಳು ಸಾಕಣೆ, ನೂಲು ಬಿಚ್ಚುವ ಕೆಲಸ ಕಲಿಸಲು ಜಪಾನಿನಿಂದ ಓಡ್ಜು ದಂಪತಿಯನ್ನು ಕರೆಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲ ಬಾರಿ ಜಪಾನ್ ನೋಡಿ ಬಂದದ್ದೂ ಅದೇ ಸುಮಾರಿಗೆ, 1898ರಲ್ಲಿ. ಸಿಲ್ಕ್ ಫಾರ್ಮ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವಾಗಲೆಲ್ಲ ನನಗೆ ಆ ಓಡ್ಜು ಅವರ ಹೆಂಡತಿಯ ಯೋಚನೆ ಬರುತ್ತದೆ. ಮಾತು ತಿಳಿಯದ ಊರಿನಲ್ಲಿ ಆಕೆ ಯಾರೊಡನೆ ಸುಖದುಃಖ ಹೇಳಿಕೊಂಡರೋ!

ನಾವು ಹೋದ ಕಾಲಕ್ಕೆ ಅಷ್ಟು ಒಂಟಿತನವಿರಲಿಲ್ಲ. 2000ನೇ ಇಸವಿ ಬಂದಾಗ ಕಂಪ್ಯೂಟರುಗಳು ತಾರೀಖು ತಪ್ಪಿ ಎಡವುತ್ತವೆ ಎಂಬ ಭಯವಿತ್ತಲ್ಲ, ಅದನ್ನು ಸರಿಪಡಿಸಲು ಭಾರತದ ಇಂಜಿನಿಯರುಗಳು ಟೋಕಿಯೋಗೆ ಬಂದರು. ಕಚೇರಿಗಳಿದ್ದ ನಡುಪೇಟೆಗೆ ತೋಝಾಯ್ ಮಾರ್ಗದಲ್ಲಿ ನೇರ ರೈಲು ಇದ್ದದ್ದರಿಂದ ಎದೋಗಾವಾ ವಾರ್ಡಿನ ನಿಶಿಕಸಾಯ್‌ನಲ್ಲಿ ಬಿಡಾರ ಹೂಡಿದರು. 2000ದಲ್ಲಿ ಜಪಾನಿನಲ್ಲಿದ್ದ ಭಾರತೀಯರು ಸುಮಾರು 10 ಸಾವಿರ. 2024ರ ಕೊನೆಗೆ ಆ ಸಂಖ್ಯೆ 50 ಸಾವಿರ ದಾಟಿತ್ತು.

<b>ಸಾರಿನೊಳಗೊಂದು ಮೀನು</b>

ಸಸ್ಯಾಹಾರಿಗೆ ಜಪಾನಿನಲ್ಲಿ ಕಣ್ಣಿಗೆ ಕಾಣುವ ಮಾಂಸದಿಂದ ತೊಂದರೆಯಿಲ್ಲ, ಕಾಣದ ಮೀನಿನಿಂದ ತೊಂದರೆ. ಅವರ ಅಡಿಗೆಗೆಲ್ಲ ತಳಹದಿ 'ದಾಶಿ' ಎಂಬ ತಿಳಿ. ಒಣಗಿಸಿದ ಬೊನಿಟೊ ಮೀನನ್ನು ಹೆರೆದು, ಬಿಸಿನೀರಿನಲ್ಲಿ ಹಾಕಿ ಸೋಸಿ ತೆಗೆಯುತ್ತಾರೆ. ತರಕಾರಿ ಪಲ್ಯ, ಮಿಸೋ ಸೂಪು, ಶಾವಿಗೆಯ ರಸ, ಎಲ್ಲದರಲ್ಲೂ ಅದಿರುತ್ತದೆ. "ಇದರಲ್ಲಿ ಮೀನಿದೆಯೇ?" ಎಂದು ಕೇಳಿದರೆ ಹೋಟೆಲಿನವರು ಪ್ರಾಮಾಣಿಕವಾಗಿಯೇ "ಇಲ್ಲ" ಎನ್ನುತ್ತಾರೆ. ಅವರ ಲೆಕ್ಕದಲ್ಲಿ ದಾಶಿ ಮೀನಲ್ಲ, ರುಚಿ. "ದಾಶಿ ಯಾವುದರದು?" ಎಂದೇ ಕೇಳಬೇಕು. ಕೊಂಬು ಎಂಬ ಕಡಲ ಪಾಚಿಯದಾದರೆ ಊಟ ಮಾಡಬಹುದು. ಈ ಒಂದು ಪ್ರಶ್ನೆ ಕೇಳುವಷ್ಟು ಭಾಷೆ ಬರುವವರೆಗೆ ನಾನು ಹೊರಗೆ ಏನೇನು ತಿಂದೆನೋ, ನನ್ನ ತಾಯಿಗೆ ಈವರೆಗೆ ಹೇಳಿಲ್ಲ.

<b>ಕಾರ್ಡು, ಮನೆ, ಕಸ</b>

ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರಲು ಬಂದ ವಿದೇಶೀಯರಿಗೆ ಒಂದು ಗುರುತಿನ ಕಾರ್ಡು ಕೊಡುತ್ತಾರೆ. ಮನೆ ಬದಲಿಸಿದರೆ 14 ದಿನಗಳೊಳಗೆ ವಾರ್ಡ್ ಕಚೇರಿಗೆ ತಿಳಿಸಬೇಕು. 16 ವರ್ಷ ತುಂಬಿದವರು ಕಾರ್ಡನ್ನು ಸದಾ ಜೊತೆಯಲ್ಲಿಟ್ಟುಕೊಂಡಿರಬೇಕು, ಸೊಪ್ಪು ತರಲು ಹೋದಾಗಲೂ. 2012ರ ಜುಲೈ 9ರಂದು ಈಗಿನ ಪದ್ಧತಿ ಬಂತು. ಅದಕ್ಕೆ ಮುಂಚೆ, ಊರಿಗೆ ಬಂದು ಹಿಂತಿರುಗಬೇಕಾದರೆ ಮರುಪ್ರವೇಶದ ಅನುಮತಿಗೆ ಶುಲ್ಕ ಕಟ್ಟಿ ಸರದಿಯಲ್ಲಿ ನಿಲ್ಲಬೇಕಿತ್ತು. ಆಮೇಲೆ, ಒಂದು ವರ್ಷದೊಳಗೆ ವಾಪಸಾಗುವವರಿಗೆ ಆ ತಾಪತ್ರಯ ತಪ್ಪಿತು.

ಬಾಡಿಗೆ ಮನೆ ಹಿಡಿಯುವುದು ಕಷ್ಟ. ಅಡ್ವಾನ್ಸ್ ಸರಿ, ಅದರ ಮೇಲೆ 'ರೇಕಿನ್' ಎಂದು ಮಾಲೀಕರಿಗೆ ಕಾಣಿಕೆ ಕೊಡುವ ವಾಡಿಕೆಯಿದೆ. ಅದು ಮರಳಿ ಬರುವ ಹಣವಲ್ಲ. ಜೊತೆಗೆ ಜಾಮೀನುದಾರರು ಬೇಕು. ಒಮ್ಮೆ ದಲ್ಲಾಳಿಯೊಬ್ಬರು ನಮ್ಮೆದುರೇ ಮಾಲೀಕರಿಗೆ ಫೋನ್ ಮಾಡಿ, ಮಾತು ಮುಗಿಸಿ, ಎದ್ದು ನಿಂತು ತಲೆಬಾಗಿ, "ಹೊರದೇಶದವರು ಬೇಡವಂತೆ" ಎಂದರು. ಅವರ ವಿನಯ ಕಂಡು ಕೋಪಿಸಿಕೊಳ್ಳಲೂ ಆಗಲಿಲ್ಲ. ಇದು ನಮ್ಮೊಬ್ಬರ ಪಾಡಲ್ಲ. ಜಪಾನಿನ ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮನೆ ಹುಡುಕಿದ್ದ ವಿದೇಶೀಯರಲ್ಲಿ ಶೇ. 40ರಷ್ಟು ಮಂದಿ ತಮಗೆ ಇಂಥದೇ ಅನುಭವವಾಗಿದೆ ಎಂದಿದ್ದರು. ನಮ್ಮವರು ಬಹಳ ಮಂದಿ ಯು.ಆರ್. ಎಂಬ ಸಾರ್ವಜನಿಕ ಸಂಸ್ಥೆಯ ಮನೆಗಳಲ್ಲಿರುವುದು ಇದೇ ಕಾರಣಕ್ಕೆ. ಅಲ್ಲಿ ಜಾಮೀನೂ ಬೇಡ, ಕಾಣಿಕೆಯೂ ಇಲ್ಲ.

ಮನೆ ಸಿಕ್ಕ ಮೇಲೆ ಕಸದ ಪಾಠ. ಸುಡುವ ಕಸಕ್ಕೊಂದು ವಾರ, ಸುಡದ ಕಸಕ್ಕೊಂದು ವಾರ, ಬಾಟಲಿ ಕಾಗದಗಳಿಗೆ ಮತ್ತೊಂದು. ತಪ್ಪು ದಿನ ಇಟ್ಟ ಚೀಲ ಚೀಟಿ ಅಂಟಿಸಿಕೊಂಡು ಅಲ್ಲೇ ಕೂತಿರುತ್ತದೆ, ಬೀದಿಗೆಲ್ಲ ಕಾಣುವಂತೆ. ಯಾರೂ ಜಗಳಕ್ಕೆ ಬರುವುದಿಲ್ಲ. ಆ ಮೌನವೇ ಸಾಕು, ಮರುವಾರದಿಂದ ತಪ್ಪಾಗುವುದಿಲ್ಲ.

<b>ಕನ್ನಡಿಗರಿಗೆ ಕಷ್ಟವಲ್ಲದ ಭಾಷೆ</b>

ನಾವು ತೆತ್ತ ದಂಡ ಯಾವುದೆಂದು ಕೇಳಿದಿರಾ? "ಇರುವುದು ಎರಡೇ ವರ್ಷ, ಭಾಷೆ ಏಕೆ?" ಎಂದುಕೊಂಡು ಮೊದಲ ನಾಲ್ಕು ವರ್ಷ ಜಪಾನಿ ಕಲಿಯದೆ ಕಳೆದದ್ದು. ವೈದ್ಯರ ಬಳಿ ಸನ್ನೆ, ಬ್ಯಾಂಕಿನಲ್ಲಿ ಸನ್ನೆ. 2005ರಲ್ಲಿ ಮಗಳು ಹುಟ್ಟಿ, ಮಧ್ಯರಾತ್ರಿ ಅವಳಿಗೆ ಜ್ವರ ಬಂದಾಗ, ಎಷ್ಟು ಹೊತ್ತಿನಿಂದ ಎಂದು ಹೇಳಲಾರದೆ ಕೈಬೆರಳು ಎಣಿಸಿ ತೋರಿಸಿದೆ. ಆ ರಾತ್ರಿಯ ನಾಚಿಕೆ ನನ್ನನ್ನು ತರಗತಿಗೆ ಕಳಿಸಿತು.

ಕಲಿಯತೊಡಗಿದಾಗ ಆಶ್ಚರ್ಯ ಕಾದಿತ್ತು. ಜಪಾನಿಯಲ್ಲಿ ವಾಕ್ಯ ನಮ್ಮ ಹಾಗೆಯೇ ನಡೆಯುತ್ತದೆ. "ವಾತಾಶಿ ವಾ ಗಕ್ಕೋ ನಿ ಇಕಿಮಾಸ್" ಎಂದರೆ "ನಾನು ಶಾಲೆಗೆ ಹೋಗುತ್ತೇನೆ." 'ಗಕ್ಕೋ' ಶಾಲೆ, 'ನಿ' ನಮ್ಮ 'ಗೆ', ಕ್ರಿಯಾಪದ ಕೊನೆಯಲ್ಲಿ. ಎದೆ 'ಡವಡವ' ಎಂದರೆ ಅವರಿಗೆ 'ದೋಕಿದೋಕಿ', 'ಥಳಥಳ' ಎಂದರೆ 'ಕಿರಕಿರ'. ನೀನು, ನೀವು, ತಾವು ಬಳಸಿ ಬೆಳೆದವರಿಗೆ ಅವರ ಗೌರವದ ಮಾತುಗಳ ಮರ್ಮವೂ ಬೇಗ ತಿಳಿಯುತ್ತದೆ. ಕಷ್ಟವಿರುವುದು ಓದುವುದರಲ್ಲಿ. ನಿತ್ಯ ಬಳಕೆಯ ಕಾಂಜಿ ಅಕ್ಷರಗಳೇ 2136. ಹೆಸರುಗಳ ಗತಿಯೂ ಸ್ವಲ್ಪ ಹಾಗೆಯೇ. ಅವರ ನಾಲಿಗೆಯಲ್ಲಿ ಲ, ರ ಎರಡೂ ಒಂದೇ ಆದ್ದರಿಂದ ಲಲಿತಾ 'ರರಿತಾ' ಆಗುತ್ತಾಳೆ. ವೆಂಕಟೇಶ 'ಬೆಂಕತೇಶು' ಆಗಿ, ತಣ್ಣನೆಯ ಮನುಷ್ಯನಿಗೂ ಬೆಂಕಿ ಹೊತ್ತಿಕೊಳ್ಳುತ್ತದೆ!

<b>ಆರನೆಯ ವಯಸ್ಸಿನ ಪ್ರಶ್ನೆ</b>

2011ರ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿತು. ಈಶಾನ್ಯ ಕರಾವಳಿಯಲ್ಲಿ ಸಾವಿರಾರು ಜನರನ್ನು ಸಮುದ್ರ ನುಂಗಿತು. ಟೋಕಿಯೋದಲ್ಲಿ ರೈಲುಗಳು ನಿಂತು, ನನ್ನವರು ಕಚೇರಿಯಿಂದ ನಡೆದೇ ಮನೆ ಸೇರಿದರು. ಆ ವಾರ ಅನೇಕ ವಿದೇಶೀಯರು ದೇಶ ಬಿಟ್ಟರು. ಅಂಥವರಿಗೆ 'ಫ್ಲೈಜಿನ್', ಅಂದರೆ ಹಾರಿಹೋದ ಪರದೇಶಿ, ಎಂಬ ಕುಚೋದ್ಯದ ಹೆಸರೂ ಬಂತು. ನಮ್ಮ ತಾಯಿ ದಿನಕ್ಕೆ ನಾಲ್ಕು ಬಾರಿ ಫೋನ್ ಮಾಡಿ "ಬಂದುಬಿಡಿ" ಎಂದು ಅತ್ತರು. ಪಕ್ಕದ ಮನೆಯ ಅಜ್ಜಿ ಒಂದು ಬಾಟಲಿ ನೀರು ತಂದುಕೊಟ್ಟು "ನೀವು ಇರುತ್ತೀರಿ ತಾನೇ?" ಎಂದು ಕೇಳಿದರು. ಇದ್ದೆವು. 'ಎರಡು ವರ್ಷ' ಎಂಬ ಮಾತು ಅಂದೇ ಸುಳ್ಳಾಯಿತು.

ಮರುವರ್ಷ ಏಪ್ರಿಲಿಗೆ ಮಗಳು ಒಂದನೇ ತರಗತಿ. ಪೋಷಕರೇ, ನೀವು ಎಚ್ಚರವಾಗಿರಬೇಕಾದ ಜಾಗ ಇದು. ಜಪಾನಿನ ಕಡ್ಡಾಯ ಶಿಕ್ಷಣದ ಕಾನೂನು ವಿದೇಶೀಯರ ಮಕ್ಕಳಿಗೆ ಅನ್ವಯಿಸುವುದಿಲ್ಲ. ಆದರೆ ನಾವು ಕೇಳಿಕೊಂಡರೆ ಸರ್ಕಾರಿ ಶಾಲೆಯಲ್ಲಿ ಉಚಿತವಾಗಿ ಓದಿಸುತ್ತಾರೆ. ಇನ್ನೊಂದು ದಾರಿ ಟೋಕಿಯೋದ ಭಾರತೀಯ ಶಾಲೆಗಳದು. 2004ರಲ್ಲಿ ಇಂಡಿಯಾ ಇಂಟರ್‌ನ್ಯಾಷನಲ್ ಸ್ಕೂಲ್, 2006ರಲ್ಲಿ ಗ್ಲೋಬಲ್ ಇಂಡಿಯನ್ ಶಾಲೆ ಆರಂಭವಾದವು. ಅಲ್ಲಿ ಸಿ.ಬಿ.ಎಸ್.ಇ. ಪಾಠ. ಊರಿಗೆ ಮರಳಿದರೆ ಮಗು ನೇರವಾಗಿ ಇಲ್ಲಿನ ತರಗತಿಗೆ ಸೇರಬಹುದು. ಶುಲ್ಕ ದುಬಾರಿ, ಜಪಾನಿ ಭಾಷೆ ಮಾತ್ರ ಅಷ್ಟಕ್ಕಷ್ಟೇ.

ನಾವು ಸರ್ಕಾರಿ ಶಾಲೆಗೆ ಸೇರಿಸಿದೆವು. ಹಳದಿ ಟೋಪಿ, ಬೆನ್ನಿಗೆ ಗಟ್ಟಿ ಚರ್ಮದ ಚೀಲ ಹಾಕಿಕೊಂಡು ಆರು ವರ್ಷದ ಹುಡುಗಿ ನಡೆದೇ ಹೋಗುತ್ತಿದ್ದಳು. ಮಕ್ಕಳೇ ಊಟ ಬಡಿಸುತ್ತಾರೆ, ಮಕ್ಕಳೇ ತರಗತಿ ಗುಡಿಸಿ ಒರೆಸುತ್ತಾರೆ. ಇವಳಿಗೆ ಮಾತ್ರ ಮನೆಯ ಡಬ್ಬಿ. ತಿಂಗಳ ಮೊದಲೇ ಶಾಲೆಯ ಊಟದ ಪಟ್ಟಿ ಬರುತ್ತಿತ್ತು. ಅದನ್ನು ಗೋಡೆಗೆ ಅಂಟಿಸಿಕೊಂಡು, ಅವರದು ಮೀನಿನ ಕರಿದ ಹೋಳಾದರೆ ನಾನು ಅದೇ ಆಕಾರದಲ್ಲಿ ಆಲೂಗಡ್ಡೆ ಕರಿದು ಕೊಡುತ್ತಿದ್ದೆ. ಆರು ವರ್ಷ ಹೀಗೆ ನಡೆಯಿತು.

ಆರು ವರ್ಷದಲ್ಲಿ ಅವಳು ಸಾವಿರ ಕಾಂಜಿ ಕಲಿತಳು. ಕನ್ನಡ ಮಾತ್ರ ತೆಳ್ಳಗಾಗುತ್ತ ಬಂತು. ಮೂರನೇ ತರಗತಿಯಲ್ಲಿದ್ದಾಗ ಒಂದು ದಿನ ರೈಲಿನಲ್ಲಿ, "ಅಮ್ಮಾ, ಇಲ್ಲಿ ಕನ್ನಡ ಬೇಡ, ಎಲ್ಲಾರೂ ನೋಡ್ತಾರೆ" ಎಂದು ನನ್ನ ಸೆರಗು ಜಗ್ಗಿದಳು. ಅಜ್ಜಿ ಬರೆದ ಕಾಗದವನ್ನು ನಾನೇ ಓದಿ ಹೇಳಬೇಕಾಗಿತ್ತು. ಭಾರತೀಯ ಶಾಲೆಗೆ ಸೇರಿಸಿದ್ದರೆ ಸರಿಹೋಗುತ್ತಿತ್ತೇ? ಕನ್ನಡ ಅಲ್ಲಿಯೂ ಮನೆಯಲ್ಲೇ ಕಲಿಸಬೇಕಾದ ವಿಷಯ.

<b>ಹೊರಡುವ ಮುನ್ನ</b>

ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ಕಾಲೇಜಿನಲ್ಲಿರುವಾಗಲೇ ಜಪಾನಿ ಕಲಿಯಲು ತೊಡಗಿ. ಜೆ.ಎಲ್.ಪಿ.ಟಿ. ಎಂಬ ಪರೀಕ್ಷೆಯಲ್ಲಿ ಎನ್ 5ರಿಂದ ಎನ್ 1ರವರೆಗೆ ಐದು ಹಂತಗಳಿವೆ, ಎನ್ 1 ಅತಿ ಕಠಿಣ. ಬೆಂಗಳೂರಿನಲ್ಲೂ ಪರೀಕ್ಷಾ ಕೇಂದ್ರವಿದೆ. ಓದಲು ಹೋಗುವವರು ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನವನ್ನು ವಿಚಾರಿಸಿ. ವಿದ್ಯಾರ್ಥಿ ವೀಸಾದಲ್ಲಿ ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ಆ ದುಡಿಮೆಯಿಂದಲೇ ಓದು ಸಾಗೀತು ಎಂದು ಸಾಲ ಮಾಡಿ ಹೊರಡಬೇಡಿ.

ತಂದೆ ತಾಯಿಯರಿಗೆ ಒಂದು ಮಾತು. ಸಾಮಾನ್ಯವಾಗಿ 10 ವರ್ಷ ನೆಲೆಸಿ, ತೆರಿಗೆ, ಪಿಂಚಣಿ, ಆರೋಗ್ಯ ವಿಮೆಯ ಕಂತುಗಳನ್ನು ತಪ್ಪದೆ ಕಟ್ಟಿದವರಿಗೆ ಕಾಯಂ ವಾಸದ ಹಕ್ಕು ಸಿಗುತ್ತದೆ. ಮತದಾನದ ಹಕ್ಕು ಆಗಲೂ ಇಲ್ಲ. ಪೌರತ್ವ ಪಡೆದರೆ ಭಾರತದ ಪೌರತ್ವ ಬಿಡಬೇಕು. ಆದ್ದರಿಂದ ಮೊಮ್ಮಗುವಿಗೆ ಐದು ತುಂಬುವುದರೊಳಗೆ ಇರುವುದೋ ಬರುವುದೋ ಎಂದು ಮಕ್ಕಳೊಡನೆ ಕೂತು ಬಿಚ್ಚಿ ಮಾತಾಡಿ. 'ಆಮೇಲೆ ನೋಡೋಣ' ಎಂದರೆ ಆ ತೀರ್ಮಾನವನ್ನು ಶಾಲೆಯೇ ಮಾಡಿಬಿಡುತ್ತದೆ.

ನನ್ನ ಮಗಳ ಕನ್ನಡದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಜಪಾನಿನ ಬೇಸಿಗೆ ರಜೆ ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ. ಆಗ ಇಲ್ಲಿ ಶಾಲೆಗಳು ನಡೆಯುತ್ತಿರುತ್ತವೆ, ಆಡಲು ಜೊತೆಯವರು ಇರುವುದಿಲ್ಲ. 2015ರ ಶ್ರಾವಣದಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ ಜಗಲಿಯ ಮೇಲೆ ಕೂತಿದ್ದರು. ಹೊತ್ತು ಹೋಗದೆ ಅಜ್ಜಿ, "ನಿಮ್ಮ ಅಕ್ಷರ ಹೇಳೇ, ಕೇಳೋಣ" ಎಂದರು. ಹುಡುಗಿ ಶುರುಮಾಡಿದಳು: "ಅ ಇ ಉ ಎ ಒ, ಕ ಕಿ ಕು ಕೆ ಕೊ..." ಅಜ್ಜಿ ಕೂತಲ್ಲೇ ನೆಟ್ಟಗಾದರು. "ಅಯ್ಯೋ, ಇದು ನಮ್ಮ ಕಾಗುಣಿತ ಕಣೇ!" ಸಂಸ್ಕೃತದ ವರ್ಣಮಾಲೆಯನ್ನು ಕಲಿತ ಬೌದ್ಧ ಭಿಕ್ಷುಗಳಿಂದ ಆ ಕ್ರಮ ಅವರ ಅಕ್ಷರಗಳಿಗೆ ಬಂತೆನ್ನುತ್ತಾರೆ. ಪರಕೀಯವೆಂದುಕೊಂಡಿದ್ದ ಕನ್ನಡ ಹುಡುಗಿಗೆ ಅರ್ಧ ಗೊತ್ತಿದ್ದ ಭಾಷೆಯಾಯಿತು. ಗೌರಿ ಹಬ್ಬ ಬರುವುದರೊಳಗೆ ಬಸ್ಸಿನ ಬೋರ್ಡು ಓದುತ್ತಿದ್ದಳು.

ಈಗ ಅವಳು ಟೋಕಿಯೋದಲ್ಲಿ ಕಾಲೇಜು ಓದುತ್ತಿದ್ದಾಳೆ. ಈ ಸಲ ನನ್ನ ಕೈಯಲ್ಲಿ ಅಜ್ಜಿಗೊಂದು ಕಾಗದ ಕೊಟ್ಟು ಕಳಿಸಿದಳು. ಒತ್ತಕ್ಷರಗಳು ಅಲ್ಲಲ್ಲಿ ಜಾರಿವೆ. "ಅಜ್ಜಿ, ಇನ್ನು ಎರಡು ವರ್ಷ. ಆಮೇಲೆ ಬಂದು ನಿಮ್ಮ ಜೊತೆ ಇರುತ್ತೇನೆ."

ನನ್ನ ತಾಯಿ ಕನ್ನಡಕ ಏರಿಸಿ ಎರಡು ಬಾರಿ ಓದಿದರು. ಮಡಿಸಿ, ದೇವರ ಮನೆಯ ಗೂಡಿನಲ್ಲಿಟ್ಟರು. ನನ್ನ ಕಡೆ ತಿರುಗಿ, "ನೀನೂ ಇದೇ ಹೇಳಿದ್ದೆ" ಎಂದು ನಕ್ಕರು.